ಹನ್ನೆರಡು ವೋಲ್ಟಿನ ದೀಪದ ಕತೆ

ಮುಂಬಯಿ, ಪುಣೆ, ಹೈದರಾಬಾದ್ ಎಲ್ಲಿಯಾದರೂ ಸರಿ, ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಪಿಒಪಿ ಸೀಲಿಂಗ್ ಮಾಡಿಸಿದ ಫ್ಲ್ಯಾಟಿಗೆ ಹೋದರೆ ಒಮ್ಮೆ ತಲೆ ಎತ್ತಿ ನೋಡಿ. ಚಿಕ್ಕ ಬಟ್ಟಲಿನಂಥ ದೀಪಗಳು ಸಾಲಾಗಿ ಕೂತಿರುತ್ತವೆ. ಒಂದು ಮಿಣಮಿಣ ಎನ್ನುತ್ತಿರುತ್ತದೆ, ಇನ್ನೊಂದು ಜೀರುಂಡೆಯ ಹಾಗೆ ಗುಂಯ್‌ಗುಡುತ್ತಿರುತ್ತದೆ, ಮತ್ತೊಂದು ಯಾವತ್ತೋ ಕಣ್ಣು ಮುಚ್ಚಿದೆ. ಗೋಡೆಯ ಮೇಲೆ ಬೆಳಕು ಸಣ್ಣ ದೊಡ್ಡ ಮಾಡುವ ಒಂದು ಗುಂಡಿ ಇರುತ್ತದೆ. ಅದನ್ನು ಮುಟ್ಟಲು ಹೋದರೆ ಮನೆಯವರು, "ಅದು ಬೇಡ, ಅದು ಸರಿ ಇಲ್ಲ" ಅನ್ನುತ್ತಾರೆ!

ಬಲ್ಬು ಕೆಟ್ಟಿತೆಂದು ಬಲ್ಬು ಬದಲಿಸುತ್ತಾರೆ. ಅದೂ ಕೆಡುತ್ತದೆ. ಆಮೇಲೆ ಡಿಮ್ಮರ್ ಕೆಟ್ಟಿತೆನ್ನುತ್ತಾರೆ, ಕೊನೆಗೆ ಟ್ರಾನ್ಸ್‌ಫಾರ್ಮರ್ ಮೇಲೆ ಗೂಬೆ ಕೂರಿಸುತ್ತಾರೆ. ಅನೇಕ ಸಲ ಮೂರರಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅವುಗಳ ನಡುವಿನ ಹೊಂದಾಣಿಕೆ. ಜಾತಕ ನೋಡದೆ ಮಾಡಿದ ಮದುವೆ ಅದು. ಈ ಮೂವರೂ ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕಾಗಿ ಹುಟ್ಟಿದವರು. ಅವರ ಇತಿಹಾಸ ತಿಳಿದರೆ ಯಾರನ್ನು ಯಾರ ಜೊತೆ ಕೂರಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ಊರಿನ ಕಂದೀಲನ್ನೇ ನೆನಪು ಮಾಡಿಕೊಳ್ಳಿ. ಪಕ್ಕದ ಕಿವಿ ತಿರುಗಿಸಿದರೆ ಬತ್ತಿ ಇಳಿದು ದೀಪ ಸಣ್ಣದಾಗುತ್ತಿತ್ತು. ಬತ್ತಿಯ ಅಗಲ, ಗಾಜಿನ ಸುತ್ತಳತೆ, ಗಾಳಿಯ ತೂತು ಎಲ್ಲವನ್ನೂ ಒಂದಕ್ಕೊಂದು ಅಳತೆ ಮಾಡಿಯೇ ಕಾರ್ಖಾನೆಯಿಂದ ಕಳಿಸುತ್ತಿದ್ದರು. ನಮ್ಮ ಸೀಲಿಂಗಿನ ದೀಪಕ್ಕೆ ಆ ಭಾಗ್ಯವಿಲ್ಲ. ಅದರ ಬತ್ತಿ ಒಬ್ಬರದು, ಎಣ್ಣೆ ಇನ್ನೊಬ್ಬರದು, ಕಿವಿ ಮತ್ತೊಬ್ಬರದು.

ಮನೆಗೆ 230 ವೋಲ್ಟ್, ದೀಪಕ್ಕೆ 12 ಏಕೆ?

ಮೊದಲು ದೀಪದ ಕತೆ. ಎಡಿಸನ್ ಕಾಲದ ಬಲ್ಬಿನಲ್ಲಿ ಇದ್ದದ್ದು ಇಂಗಾಲದ ಎಳೆ. 1904ರಲ್ಲಿ ಹಂಗೇರಿಯಲ್ಲಿ ಯುಸ್ಟ್ ಮತ್ತು ಹನಮನ್ ಎಂಬಿಬ್ಬರು ಟಂಗ್‌ಸ್ಟನ್ ಎಳೆಗೆ ಪೇಟೆಂಟ್ ಪಡೆದರು. 1913ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅರ್ವಿಂಗ್ ಲ್ಯಾಂಗ್‌ಮ್ಯುಯರ್ ಬಲ್ಬಿನೊಳಗೆ ಗಾಳಿ ತೆಗೆದು ಬರಿದಾಗಿಸುವುದರ ಬದಲು ಜಡ ಅನಿಲ ತುಂಬಿದರೆ ಎಳೆ ಹೆಚ್ಚು ದಿನ ಬಾಳುತ್ತದೆ ಎಂದು ತೋರಿಸಿದರು. ನಾವೆಲ್ಲ ಓದಿದ ಗುಂಡು ಬಲ್ಬಿನ ಕುಲ ಇದೇ.

ಆ ಬಲ್ಬಿಗೆ ಒಂದು ಕಾಯಿಲೆ ಇತ್ತು. ಕಾದ ಟಂಗ್‌ಸ್ಟನ್ ನಿಧಾನಕ್ಕೆ ಆವಿಯಾಗಿ ಗಾಜಿನ ಒಳಮೈಗೆ ಅಂಟಿಕೊಳ್ಳುತ್ತದೆ. ಹಳೆಯ ಬಲ್ಬು ಕಪ್ಪಾಗುವುದು ಅದಕ್ಕೇ. 1950ರ ದಶಕದಲ್ಲಿ ಕ್ಲೀವ್‌ಲ್ಯಾಂಡ್ ಬಳಿಯ ನೀಲಾ ಪಾರ್ಕಿನಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಲ್ಮರ್ ಫ್ರಿಡ್ರಿಕ್, ಎಮೆಟ್ ವೈಲಿ ಮುಂತಾದವರು ಕಡ್ಡಿಯಂಥ ಸಣ್ಣ ಸ್ಫಟಿಕ ಕೊಳವೆಯ ಶಾಖದ ದೀಪಗಳ ಮೇಲೆ ಕೆಲಸ ಮಾಡುತ್ತಿದ್ದರು. ಕೊಳವೆ ಸಣ್ಣದಾದಷ್ಟೂ ಬೇಗ ಕಪ್ಪಾಗುತ್ತಿತ್ತು. ಅದರೊಳಗೆ ಚಿಟಿಕೆಯಷ್ಟು ಅಯೋಡಿನ್ ಹಾಕಿ ನೋಡಿದರು. ಆವಿಯಾದ ಟಂಗ್‌ಸ್ಟನ್ ಗೋಡೆಯ ಹತ್ತಿರ ಅಯೋಡಿನ್ ಜೊತೆ ಕೂಡಿಕೊಂಡು, ಅಲೆದಾಡಿ, ಮತ್ತೆ ಎಳೆಯ ಹತ್ತಿರ ಬಂದು ಅಲ್ಲಿಯ ಶಾಖಕ್ಕೆ ಬೇರೆಯಾಗಿ ಎಳೆಯ ಕಡೆಗೇ ಮರಳುತ್ತಿತ್ತು. ಊರು ಬಿಟ್ಟವನು ಹಬ್ಬಕ್ಕೆ ಊರಿಗೆ ಮರಳಿದ ಹಾಗೆ! 1959ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಹ್ಯಾಲೋಜನ್ ದೀಪ ಹುಟ್ಟಿದ್ದು ಹೀಗೆ. ಈ ಚಕ್ರ ನಡೆಯಬೇಕಾದರೆ ಗಾಜಿನ ಗೋಡೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಮೇಲೆ ಕಾದಿರಬೇಕು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ವೋಲ್ಟೇಜಿನ ವಿಷಯ. 50 ವ್ಯಾಟಿನ ದೀಪವನ್ನು 230 ವೋಲ್ಟಿನಲ್ಲಿ ಉರಿಸಲು ಸುಮಾರು 0.22 ಆಂಪಿಯರ್ ಸಾಕು. ಅದಕ್ಕೆ ಕೂದಲಿಗಿಂತ ತೆಳ್ಳಗಿನ, ಬಲು ಉದ್ದದ ಎಳೆ ಬೇಕು. ಅದೇ 50 ವ್ಯಾಟನ್ನು 12 ವೋಲ್ಟಿನಲ್ಲಿ ಉರಿಸಿದರೆ 4.2 ಆಂಪಿಯರ್ ಹರಿಯುತ್ತದೆ, ಎಳೆ ದಪ್ಪಗೆ, ಗಿಡ್ಡಗೆ ಇರುತ್ತದೆ. ದಪ್ಪ ಎಳೆ ಗಟ್ಟಿ, ಅದನ್ನು ಹೆಚ್ಚು ಕಾಯಿಸಬಹುದು, ಬೆಳಕು ಹೆಚ್ಚು ಬೆಳ್ಳಗೆ ಬರುತ್ತದೆ. ಗಿಡ್ಡ ಎಳೆಯೆಂದರೆ ಬೆಳಕು ಹೆಚ್ಚುಕಡಿಮೆ ಒಂದು ಚುಕ್ಕೆಯಿಂದ ಹೊರಡುತ್ತದೆ. ಚುಕ್ಕೆಯ ಹಿಂದೆ ಕನ್ನಡಿ ಇಟ್ಟರೆ ಬೆಳಕನ್ನು ಬೇಕಾದಲ್ಲಿಗೆ ಬಾಣದ ಹಾಗೆ ಬಿಡಬಹುದು.

ಈ ಗುಣವನ್ನು ಮೊದಲು ಬಳಸಿಕೊಂಡದ್ದು ಮನೆಯವರಲ್ಲ. 1962ರಲ್ಲಿ ಯುರೋಪಿನ ಕಾರುಗಳ ಹೆಡ್‌ಲೈಟಿಗೆ ಹ್ಯಾಲೋಜನ್ ಬಂತು. ಆಮೇಲೆ ಸ್ಲೈಡ್ ಪ್ರೊಜೆಕ್ಟರ್. ಪ್ರೊಜೆಕ್ಟರಿಗಾಗಿ ಮಾಡಿದ ಕನ್ನಡಿ ಬಟ್ಟಲಿನ ದೀಪಕ್ಕೇ ಎಂಆರ್ 16 ಎಂದು ಹೆಸರು. 16 ಎಂದರೆ ಇಂಚಿನ ಎಂಟನೇ ಒಂದು ಭಾಗದ ಹದಿನಾರು ಪಟ್ಟು, ಅಂದರೆ ಬಟ್ಟಲಿನ ಅಗಲ ಎರಡು ಇಂಚು. ಅದರ ಕನ್ನಡಿಯ ಲೇಪ ಬೆಳಕನ್ನು ಮುಂದಕ್ಕೆ ತಳ್ಳಿ ಶಾಖದ ದೊಡ್ಡ ಪಾಲನ್ನು ಹಿಂದಕ್ಕೆ ಬಿಡುತ್ತದೆ. ಫಿಲ್ಮು ಸುಡಬಾರದೆಂದು ಮಾಡಿದ ಏರ್ಪಾಡು ಅದು. ಪ್ರೊಜೆಕ್ಟರಿನಲ್ಲಿ ಹಿಂದೆ ಫ್ಯಾನು ಇತ್ತು. ನಮ್ಮ ಸೀಲಿಂಗಿನಲ್ಲಿ ಹಿಂದೆ ಇರುವುದು ವೈರು, ಧೂಳು, ಪ್ಲೈವುಡ್ಡು. ಒಡವೆ ಅಂಗಡಿ, ಮ್ಯೂಸಿಯಂ, ಹೋಟೆಲುಗಳನ್ನು ದಾಟಿ ಈ ದೀಪ ನಮ್ಮ ಹಾಲಿಗೆ ಬಂದಾಗ ಈ ಒಂದು ವಿಷಯವನ್ನು ಯಾರೂ ಜೊತೆಗೆ ಕಳಿಸಿಕೊಡಲಿಲ್ಲ.

ಮನೆಯ ಒಳಗೆ ಇದನ್ನು ಚೆಂದವಾಗಿ ತಂದವರಲ್ಲಿ ರಿಚರ್ಡ್ ಸಾಪರ್ ಮುಖ್ಯರು. 1972ರಲ್ಲಿ ಇಟಲಿಯ ಆರ್ಟೆಮಿಡೆ ಕಂಪನಿಗೆ ಅವರು ಮಾಡಿಕೊಟ್ಟ 'ಟಿಜಿಯೋ' ಮೇಜಿನ ದೀಪದಲ್ಲಿ ಟ್ರಾನ್ಸ್‌ಫಾರ್ಮರ್ ಬುಡದಲ್ಲೇ ಕೂತಿತ್ತು. ವೋಲ್ಟೇಜ್ ಕಡಿಮೆಯಾದ್ದರಿಂದ ದೀಪದ ತೋಳುಗಳೇ ವೈರಿನ ಕೆಲಸ ಮಾಡುತ್ತಿದ್ದವು. 1984ರಲ್ಲಿ ಜರ್ಮನಿಯ ಇಂಗೋ ಮಾವುರರ್ ಎರಡು ಬರಿಯ ತಂತಿ ಎಳೆದು, ಬಟ್ಟೆ ಒಣಹಾಕಿದ ಹಾಗೆ ಅದರ ಮೇಲೆ ಹ್ಯಾಲೋಜನ್ ದೀಪಗಳನ್ನು ತೂಗುಹಾಕಿದರು. ಮುಟ್ಟಿದರೆ ಶಾಕ್ ಹೊಡೆಯದ ದೀಪ!

ಶಿವನಸಮುದ್ರದ ಪಾಠ

ಎರಡನೆಯವನು ಟ್ರಾನ್ಸ್‌ಫಾರ್ಮರ್. ಮೂವರಲ್ಲಿ ಹಿರಿಯ. 1885ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಜಿಪರ್ನೋವ್ಸ್ಕಿ, ಬ್ಲಾಥಿ, ಡೇರಿ ಎಂಬ ಮೂವರು ಇಂದಿನ ರೂಪದ ಟ್ರಾನ್ಸ್‌ಫಾರ್ಮರ್ ಮಾಡಿದರು. ಮರುವರ್ಷ ಅಮೆರಿಕದ ಗ್ರೇಟ್ ಬ್ಯಾರಿಂಗ್‌ಟನ್ ಊರಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಅದನ್ನು ಬಳಸಿ ಅಂಗಡಿ ಬೀದಿಗೆ ಬೆಳಕು ಕೊಟ್ಟರು. ಅದು ಹುಟ್ಟಿದ್ದೇ ದೂರದ ಸಮಸ್ಯೆಗಾಗಿ.

ಈ ಪಾಠವನ್ನು ಕನ್ನಡಿಗರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿ ದೀಪ ಹೊತ್ತಿಸಿತು. ಅಷ್ಟು ದೂರ ಹೋಗಲು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಬೇಕಾಯಿತು. ವೋಲ್ಟೇಜ್ ಏರಿದರೆ ಕರೆಂಟು ಇಳಿಯುತ್ತದೆ, ಕರೆಂಟು ಇಳಿದರೆ ತಂತಿಯಲ್ಲಿ ಸೋರಿಕೆ ಕಡಿಮೆ.

ನಮ್ಮ ಸೀಲಿಂಗಿನಲ್ಲಿ ನಾವು ಇದರ ತದ್ವಿರುದ್ಧ ಮಾಡುತ್ತೇವೆ. ವೋಲ್ಟೇಜ್ ಇಳಿಸುತ್ತೇವೆ, ಕರೆಂಟು ಏರುತ್ತದೆ. ಎರಡು 50 ವ್ಯಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 8.3 ಆಂಪಿಯರ್. ಟ್ರಾನ್ಸ್‌ಫಾರ್ಮರಿನಿಂದ ದೀಪಕ್ಕೆ ಐದು ಮೀಟರ್ ದೂರ, ವೈರು 1.5 ಚದರ ಮಿಲಿಮೀಟರಿನ ತಾಮ್ರ ಎಂದಿಟ್ಟುಕೊಳ್ಳಿ. ಹೋಗಿ ಬರುವ ಹತ್ತು ಮೀಟರಿನಲ್ಲಿ ಒಂದು ವೋಲ್ಟ್ ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಒಂದು ಹೋದರೆ ಏನು ಮಹಾ ಅನ್ನಬೇಡಿ. ಎಳೆಯ ದೀಪದಲ್ಲಿ ವೋಲ್ಟೇಜ್ ಸ್ವಲ್ಪ ಇಳಿದರೆ ಬೆಳಕು ಬಹಳ ಇಳಿಯುತ್ತದೆ. ಆ ಒಂದು ವೋಲ್ಟು ಕಾಲುಭಾಗ ಬೆಳಕನ್ನು ನುಂಗುತ್ತದೆ. ಅದೇ ವೈರು, ಅದೇ ದೂರ, 230 ವೋಲ್ಟಿನ ಬದಿಯಲ್ಲಿದ್ದರೆ ನಷ್ಟ ಲೆಕ್ಕಕ್ಕೇ ಬಾರದು. ಆದ್ದರಿಂದ ಶಿವನಸಮುದ್ರದವರು ಹೇಳಿದ್ದನ್ನೇ ಕೇಳಿ: ದೂರವನ್ನು ದೊಡ್ಡ ವೋಲ್ಟೇಜಿಗೆ ಬಿಡಿ. ಟ್ರಾನ್ಸ್‌ಫಾರ್ಮರ್ ದೀಪದ ಹತ್ತಿರ ಇರಲಿ, ಆದರೆ ದೀಪದ ಬೆನ್ನಿನ ಮೇಲೆ ಬೇಡ. ಶಾಖವೆಲ್ಲ ಅಲ್ಲಿಗೇ ಹೋಗುವುದಲ್ಲವೇ?

ಹನ್ನೆರಡು ವೋಲ್ಟು ಶಾಕ್ ಹೊಡೆಯದು, ನಿಜ. ಆದರೆ ಸುಡುತ್ತದೆ. ಸಡಿಲವಾದ ಜೋಡಣೆಯಲ್ಲಿ ಎಂಟು ಆಂಪಿಯರ್ ಹರಿದರೆ ಅಲ್ಲಿ ಶಾಖ ಹುಟ್ಟಿ ವೈರಿನ ಹೊದಿಕೆ ಕರಗುತ್ತದೆ. ಟೇಪು ಸುತ್ತಿದ ಗಂಟು ಇಲ್ಲಿ ನಡೆಯದು. ಒಳ್ಳೆಯ ಕನೆಕ್ಟರ್, ಬಿಗಿಯಾದ ಸ್ಕ್ರೂ ಬೇಕು.

ಈ ಹಿರಿಯನಲ್ಲಿ ಎರಡು ಜಾತಿ. ಒಂದು ಕಬ್ಬಿಣ ತಾಮ್ರದ್ದು, ಕೈಯಲ್ಲಿ ಹಿಡಿದರೆ ಭಾರ, ಗಟ್ಟಿಮುಟ್ಟು. ಇದಕ್ಕೆ ಅಳತೆಗೆ ತಕ್ಕ ಭಾರ ಹೊರಿಸಬೇಕು. 150 ವಿಎ ಟ್ರಾನ್ಸ್‌ಫಾರ್ಮರಿಗೆ ಒಂದೇ ಒಂದು 50 ವ್ಯಾಟಿನ ದೀಪ ಹಾಕಿದರೆ ಅದು ಹನ್ನೆರಡಕ್ಕಿಂತ ಹೆಚ್ಚು ವೋಲ್ಟ್ ಕೊಡುತ್ತದೆ. ವೋಲ್ಟೇಜ್ ನೂರಕ್ಕೆ ಐದರಷ್ಟು ಹೆಚ್ಚಾದರೆ ದೀಪದ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಇನ್ನೊಂದು, 1980ರ ದಶಕದಿಂದ ಬಳಕೆಗೆ ಬಂದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್. ಸಾಬೂನಿನ ಬಿಲ್ಲೆಯಷ್ಟಿರುತ್ತದೆ, ಹಗುರ. ಇದು ಸೆಕೆಂಡಿಗೆ 50 ಸಲ ಆಡುವ ವಿದ್ಯುತ್ತನ್ನು ಕತ್ತರಿಸಿ ಮೂವತ್ತು ನಲವತ್ತು ಸಾವಿರ ಸಲ ಆಡಿಸುತ್ತದೆ. ಅಷ್ಟು ವೇಗಕ್ಕೆ ಪುಟ್ಟ ಸುರುಳಿ ಸಾಕು. ಅದರ ಹೊರಬದಿಯ ವೈರು ಎರಡು ಮೀಟರಿಗಿಂತ ಉದ್ದವಾದರೆ ವೋಲ್ಟೇಜ್ ಇಳಿಯುತ್ತದೆ, ರೇಡಿಯೋದಲ್ಲಿ ಕರಕರ ಎನ್ನುತ್ತದೆ. ಸಾಮಾನ್ಯ ಮಲ್ಟಿಮೀಟರ್ ಹಿಡಿದರೆ ಏನೇನೋ ತೋರಿಸುತ್ತದೆ. ಮಿಸ್ತ್ರಿ ಮೀಟರ್ ನೋಡಿ "ಇದು ಖರಾಬ್ ಆಗಿದೆ" ಎಂದರೆ ಒಮ್ಮೆಲೇ ನಂಬಬೇಡಿ.

ನಾಟಕ ಮಂದಿರದಿಂದ ಬಂದ ಗುಂಡಿ

ಮೂರನೆಯವನು ಡಿಮ್ಮರ್, ನಾಟಕದ ಮನೆತನದವನು. 1881ರಲ್ಲಿ ಲಂಡನ್ನಿನ ಸೆವಾಯ್ ಥಿಯೇಟರ್ ಸುಮಾರು 1200 ಸ್ವಾನ್ ಬಲ್ಬುಗಳಿಂದ ಬೆಳಗಿದಾಗ ರಂಗದ ದೀಪಗಳನ್ನು ಮಂದ ಮಾಡುವ ಏರ್ಪಾಡೂ ಇತ್ತು. ಆಗಿನ ಉಪಾಯ ಎಂದರೆ ದಾರಿಯಲ್ಲಿ ಒಂದು ಅಡ್ಡಿ ಇಡುವುದು. ಕೆಲವು ಕಡೆ ತಂತಿಯ ಸುರುಳಿ, ಕೆಲವು ಕಡೆ ಉಪ್ಪು ನೀರಿನ ಗಡಿಗೆ! ದೀಪಕ್ಕೆ ಕೊಡದ ವಿದ್ಯುತ್ತನ್ನೆಲ್ಲ ಆ ಅಡ್ಡಿ ಶಾಖ ಮಾಡಿ ಕಳೆಯುತ್ತಿತ್ತು. ನಮ್ಮ ಹಳೆಯ ಮನೆಗಳಲ್ಲಿ ಕೈಗೆ ಬೆಚ್ಚಗೆ ತಗಲುತ್ತಿದ್ದ ದಪ್ಪ ಪೆಟ್ಟಿಗೆಯ ಫ್ಯಾನ್ ರೆಗ್ಯುಲೇಟರ್ ಇದ್ದದ್ದು ಇದೇ ತತ್ವದ ಮೇಲೆ.

1957ರಲ್ಲಿ ಜನರಲ್ ಎಲೆಕ್ಟ್ರಿಕ್‌ನಲ್ಲಿ ಥೈರಿಸ್ಟರ್ ಹುಟ್ಟಿತು. 1959ರಲ್ಲಿ ನ್ಯೂಯಾರ್ಕಿನ ಜೋಯೆಲ್ ಸ್ಪಿರಾ ಎಂಬ ಭೌತಶಾಸ್ತ್ರಜ್ಞ ತಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ, ಗೋಡೆಯ ಸ್ವಿಚ್ಚಿನ ಜಾಗದಲ್ಲೇ ಹಿಡಿಸುವ ಡಿಮ್ಮರ್ ಮಾಡಲು ಕೂತರು. 1961ರಲ್ಲಿ ಲುಟ್ರಾನ್ ಕಂಪನಿ ಕಟ್ಟಿದರು. ನಾಟಕದವರ ಸೊತ್ತು ಮಧ್ಯಮವರ್ಗದ ಊಟದ ಕೋಣೆಗೆ ಬಂದದ್ದು ಹೀಗೆ.

ಹೊಸ ಉಪಾಯ ಅಡ್ಡಿ ಇಡುವುದಲ್ಲ, ಕತ್ತರಿಸುವುದು. ನಮ್ಮ ವಿದ್ಯುತ್ತು ಸೆಕೆಂಡಿಗೆ ನೂರು ಅಲೆಗಳಾಗಿ ಬರುತ್ತದೆ, ಪ್ರತಿ ಅಲೆ 10 ಮಿಲಿಸೆಕೆಂಡ್. ಪ್ರತಿ ಅಲೆಯಲ್ಲೂ ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಟ್ಟರೆ ದೀಪಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ. ಅಲೆಯ ತಲೆ ಕತ್ತರಿಸುವುದು ಒಂದು ರೀತಿ, ಇದನ್ನು ಲೀಡಿಂಗ್ ಎಡ್ಜ್ ಎನ್ನುತ್ತಾರೆ. ಅಲೆಯ ಬಾಲ ಕತ್ತರಿಸುವುದು ಇನ್ನೊಂದು, ಅದು ಟ್ರೇಲಿಂಗ್ ಎಡ್ಜ್. ಟ್ರಯಾಕ್ ಎಂಬ ಅಗ್ಗದ ಬಿಡಿಭಾಗಕ್ಕೆ ತಲೆ ಕತ್ತರಿಸುವುದು ಮಾತ್ರ ಗೊತ್ತು. ಒಮ್ಮೆ ತೆರೆದರೆ ಅಲೆ ಮುಗಿಯುವವರೆಗೆ ಅದು ಮುಚ್ಚದು. ಬಾಲ ಕತ್ತರಿಸಲು ನಡುವೆಯೇ ಮುಚ್ಚಬಲ್ಲ ಟ್ರಾನ್ಸಿಸ್ಟರ್ ಬೇಕು. ಹಾಗಾಗಿ ಅದು ತಡವಾಗಿ ಬಂತು, ಬೆಲೆಯೂ ಹೆಚ್ಚು.

ಜಾತಕ ನೋಡುವುದು

ಈಗ ಮೂವರನ್ನೂ ಒಂದೇ ಸೂರಿನಡಿ ಕೂರಿಸೋಣ. ಕಬ್ಬಿಣದ ಟ್ರಾನ್ಸ್‌ಫಾರ್ಮರಿನ ಸ್ವಭಾವ ಎತ್ತಿನ ಗಾಡಿಯದು. ಅದರಲ್ಲಿ ಕರೆಂಟು ನಿಧಾನಕ್ಕೆ ಏರುತ್ತದೆ, ಆದ್ದರಿಂದ ಅಲೆಯ ನಡುವೆ ಫಕ್ಕನೆ ಬಾಗಿಲು ತೆರೆದರೆ ಅದಕ್ಕೆ ಬೇಸರವಿಲ್ಲ. ಓಡುತ್ತಿರುವಾಗ ಫಕ್ಕನೆ ನಿಲ್ಲಿಸಿದರೆ ಮಾತ್ರ ಮುಗ್ಗರಿಸುತ್ತದೆ. ವೋಲ್ಟೇಜ್ ಹಾರಿ ಡಿಮ್ಮರನ್ನೇ ಸುಡಬಹುದು. ಅದಕ್ಕೆ ತಲೆ ಕತ್ತರಿಸುವ ಡಿಮ್ಮರೇ ಸರಿಯಾದ ಜೋಡಿ.

ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನದು ಇದಕ್ಕೆ ವಿರುದ್ಧ. ಅದರ ಬಾಗಿಲಲ್ಲಿ ಕೆಪಾಸಿಟರ್ ಕೂತಿರುತ್ತದೆ. ಅಲೆಯ ನಡುವೆ ಒಮ್ಮೆಲೇ ಬಾಗಿಲು ತೆರೆದರೆ ಅದು ಬಾಯಾರಿದವನು ನೀರು ಎಳೆದ ಹಾಗೆ ಕರೆಂಟು ಎಳೆಯುತ್ತದೆ. ಆ ಗುಂಯ್ ಶಬ್ದ ಅನೇಕ ಮನೆಗಳಲ್ಲಿ ಇದೇ. ಅಲೆ ಸೊನ್ನೆಯಿಂದ ಮೆಲ್ಲಗೆ ಏರಿ ಬಾಲದಲ್ಲಿ ಕತ್ತರಿಸಿದರೆ ಅದಕ್ಕೆ ಸುಖ. ಆದ್ದರಿಂದ ಟ್ರೇಲಿಂಗ್ ಎಡ್ಜ್. ಎರಡನ್ನೂ ತಾಳುವ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರುಗಳೂ ಇವೆ, ಡಿಮ್ಮರಿಗೇ ಒಗ್ಗದವೂ ಇವೆ. ಮೈಮೇಲೆ ಬರೆದಿರುತ್ತದೆ.

ಹಾಗೆಯೇ ಒಳ್ಳೆಯ ಡಿಮ್ಮರುಗಳ ಮೇಲೆ ಆರ್, ಎಲ್, ಸಿ ಎಂಬ ಮೂರು ಅಕ್ಷರಗಳಲ್ಲಿ ಕೆಲವು ಇರುತ್ತವೆ. ಆರ್ ಎಂದರೆ ನೇರ 230 ವೋಲ್ಟಿನ ಬಲ್ಬು. ಎಲ್ ಎಂದರೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್. ಸಿ ಎಂದರೆ ಎಲೆಕ್ಟ್ರಾನಿಕ್. ಮೂರೂ ಇದ್ದರೆ ಯಾರ ಜೊತೆಯೂ ಬಾಳುವ ಸ್ವಭಾವ. ಒಂದೇ ಡಿಮ್ಮರಿನ ಕೆಳಗೆ ಎಲ್ ಮತ್ತು ಸಿ ಎರಡನ್ನೂ ಬೆರೆಸುವುದು ಮಾತ್ರ ಎಂದೂ ಬೇಡ.

ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರನ್ನೇ ದೀಪಕ್ಕೆ ಹಾಕಿಕೊಡುವ ಮಿಸ್ತ್ರಿಗಳಿದ್ದಾರೆ. "ಅಂದರ್ ಸೇ ಏಕ್ ಹೀ ಚೀಜ್ ಹೈ ಸಾಬ್" ಅನ್ನುತ್ತಾರೆ. ಟ್ರಯಾಕ್ ಇರುವ ರೆಗ್ಯುಲೇಟರ್ ಆದರೆ ಅರ್ಧ ಸತ್ಯ. ಆದರೆ ಅದನ್ನು ಒಂದು ಫ್ಯಾನಿನ ಭಾರಕ್ಕೆ ಮಾಡಿದ್ದು. ಐದು ಹ್ಯಾಲೋಜನ್ ದೀಪದ ಭಾರ ಅದರ ಮೂರು ನಾಲ್ಕು ಪಟ್ಟು.

ಲೆಕ್ಕವನ್ನು ದೀಪದ ಕಡೆಯಿಂದ ಗೋಡೆಯ ಕಡೆಗೆ ಮಾಡಿ. ಐದು ದೀಪ, ಒಂದಕ್ಕೆ 50 ವ್ಯಾಟ್, ಒಟ್ಟು 250. ದೀಪಕ್ಕೊಂದರಂತೆ 60 ವಿಎ ಟ್ರಾನ್ಸ್‌ಫಾರ್ಮರ್. ಟ್ರಾನ್ಸ್‌ಫಾರ್ಮರ್ ತಾನೂ ಸ್ವಲ್ಪ ತಿನ್ನುತ್ತದೆ, ಕಬ್ಬಿಣದ್ದಾದರೆ ನೂರಕ್ಕೆ ಇಪ್ಪತ್ತು ಎಂದುಕೊಳ್ಳಿ. ಡಿಮ್ಮರಿನ ಮೇಲೆ ಬೀಳುವ ಭಾರ 300 ವಿಎ. ನಮ್ಮ ಊರುಗಳ ಸೆಕೆಯಲ್ಲಿ, ಗೋಡೆಯ ಇಕ್ಕಟ್ಟಾದ ಡಬ್ಬಿಯಲ್ಲಿ, 400ರದ್ದೇ ಬೇಕು. ಕಬ್ಬಿಣದ್ದಾದರೆ ದೀಪ ಸುಟ್ಟುಹೋದ ಮೇಲೆ ಟ್ರಾನ್ಸ್‌ಫಾರ್ಮರನ್ನು ಖಾಲಿ ಹೊಟ್ಟೆಯಲ್ಲಿ ಡಿಮ್ಮರಿನ ಕೆಳಗೆ ಓಡಿಸಬೇಡಿ. ಅಲೆಗಳ ಸಮತೋಲ ತಪ್ಪಿ ಅದು ಕಾಯುತ್ತದೆ. ಬಲ್ಬನ್ನು ಬೇಗ ಬದಲಿಸಿ, ಬದಲಿಸುವಾಗ ಬರಿಗೈಯಲ್ಲಿ ಗಾಜಿನ ಕಡ್ಡಿ ಮುಟ್ಟಬೇಡಿ.

ದೀಪ ಸಣ್ಣ ಮಾಡಿದರೆ ಕಂದೀಲಿನಲ್ಲಿ ಎಣ್ಣೆ ಉಳಿಯುತ್ತಿತ್ತು. ಇಲ್ಲಿ ಉಳಿತಾಯ ಅಷ್ಟಿಲ್ಲ. ವೋಲ್ಟೇಜನ್ನು ನೂರಕ್ಕೆ ಎಂಬತ್ತಕ್ಕೆ ಇಳಿಸಿದರೆ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ವಿದ್ಯುತ್ತು ಮಾತ್ರ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಖರ್ಚಾಗುತ್ತಲೇ ಇರುತ್ತದೆ. ಆ 250 ಡಿಗ್ರಿ ನೆನಪಿದೆಯಲ್ಲ? ತೀರ ಮಂದ ಮಾಡಿದರೆ ಗಾಜು ತಣ್ಣಗಾಗಿ ಹ್ಯಾಲೋಜನ್ ಚಕ್ರ ನಿಲ್ಲುತ್ತದೆ. ಆಗೊಮ್ಮೆ ಈಗೊಮ್ಮೆ ಪೂರ್ತಿ ಬೆಳಕಿನಲ್ಲಿ ಉರಿಸಿದರೆ ಕಪ್ಪು ಹಿಡಿದದ್ದು ತಿಳಿಯಾಗುತ್ತದೆ.

ನಾಲ್ಕನೆಯವನು ಬಂದಾಗ

2015ರಲ್ಲಿ ಸರ್ಕಾರದ ಉಜಾಲಾ ಯೋಜನೆ ಬಂದ ಮೇಲೆ ಎಲ್ಇಡಿ ಮನೆಮಾತಾಯಿತು. ಯುರೋಪಿನಲ್ಲಿ 2018ರಿಂದ ಸಾಮಾನ್ಯ ಹ್ಯಾಲೋಜನ್ ಬಲ್ಬುಗಳು ಮಾರುಕಟ್ಟೆಯಿಂದ ಸರಿದವು. ಈಗ ನಮ್ಮವರೂ 50 ವ್ಯಾಟಿನ ಹ್ಯಾಲೋಜನ್ ಕಿತ್ತು ಅದೇ ಹೋಲ್ಡರಿಗೆ 5 ವ್ಯಾಟಿನ ಎಲ್ಇಡಿ ಸಿಕ್ಕಿಸುತ್ತಾರೆ. ಸಿಕ್ಕುತ್ತದೆ, ಉರಿಯುತ್ತದೆ, ಆಮೇಲೆ ಮಿಣುಕಲು ಶುರು! ಎಲ್ಇಡಿಗೆ ಬೈಯುತ್ತಾರೆ.

ತಪ್ಪು ಎಲ್ಇಡಿಯದಲ್ಲ. ಹಳೆಯ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನ ಮೇಲೆ 20ರಿಂದ 60 ವ್ಯಾಟ್ ಎಂದು ಬರೆದಿದ್ದರೆ ಇಪ್ಪತ್ತಕ್ಕಿಂತ ಕಡಿಮೆ ಭಾರಕ್ಕೆ ಅದು ನೆಟ್ಟಗೆ ನಿಲ್ಲದು ಎಂದು ಅರ್ಥ. ಟ್ರಯಾಕ್ ಡಿಮ್ಮರಿಗೂ ಹೀಗೇ ಕನಿಷ್ಠ ಭಾರ ಬೇಕು. ಹತ್ತನೇ ಒಂದು ಭಾಗ ಭಾರ ಕೊಟ್ಟು ಹಳಬರಿಬ್ಬರನ್ನೂ ಕುಣಿಸಿದ ಹಾಗಾಯಿತು. ಡಿಮ್ಮರ್ ಬೇಡವೆನ್ನುವವರು ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ತೆಗೆಸಿ 12 ವೋಲ್ಟಿನ ಎಲ್ಇಡಿ ಡ್ರೈವರ್ ಹಾಕಿಸಲಿ. ಅಥವಾ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು 230 ವೋಲ್ಟಿನ ಜಿಯು 10 ಹೋಲ್ಡರಿಗೆ ಹೋಗಲಿ. ಡಿಮ್ಮರ್ ಬೇಕೆನ್ನುವವರು ದೀಪ, ಡ್ರೈವರ್, ಡಿಮ್ಮರ್ ಮೂರನ್ನೂ ಒಟ್ಟಿಗೆ ಕೊಳ್ಳಲಿ. ಲೋಹಾರ್ ಚಾಳಿನಲ್ಲೋ ಭಗೀರಥ ಪ್ಯಾಲೇಸಿನಲ್ಲೋ ಟ್ರೂಪ್ ಬಜಾರಿನಲ್ಲೋ ಕೊಳ್ಳುವಾಗ ಮೂರನ್ನೂ ಅಲ್ಲೇ ಜೋಡಿಸಿ, ಪೂರ್ತಿ ಸಣ್ಣ ಮಾಡಿ, ಪೂರ್ತಿ ದೊಡ್ಡ ಮಾಡಿ ತೋರಿಸಲು ಹೇಳಿ. ನಾಚಿಕೆ ಬೇಡ.

ಹ್ಯಾಲೋಜನ್ನಿನ ಬೆಳಕು ಇಷ್ಟವೆಂದು ಅದನ್ನೇ ಉಳಿಸಿಕೊಂಡವರೂ ಇದ್ದಾರೆ. ಸಣ್ಣ ಮಾಡಿದಾಗ ಅದು ಕೆಂಡದ ಬಣ್ಣಕ್ಕೆ ತಿರುಗುವ ಸೊಗಸು ಅನೇಕ ಎಲ್ಇಡಿಗಳಿಗೆ ಬರುವುದಿಲ್ಲ, ಒಪ್ಪುತ್ತೇನೆ. ಹಾಗಾದರೆ ಬಲ್ಬಿಗಿಂತ ಮೊದಲು ಸೀಲಿಂಗಿನ ಮೇಲೆ ಏನಿದೆ ಎಂದು ನೋಡಿಸಿ. ಹದಿನೈದು ವರ್ಷದ ಧೂಳು, ಒಣಗಿದ ವೈರು, ಬಿಸಿಯಾದ ಬಟ್ಟಲು ಮೂರೂ ಒಂದೇ ಕತ್ತಲೆಯಲ್ಲಿವೆ. ಬೆಳಕು ಮಿಣುಕುವುದು ಬರೀ ಕಿರಿಕಿರಿ. ಮೇಲೆ ಬಿಸಿಯಾಗುತ್ತಿರುವ ಸಡಿಲ ಸ್ಕ್ರೂ ಕಿರಿಕಿರಿಯಲ್ಲ, ಬೆಂಕಿಯ ಮುನ್ಸೂಚನೆ. ಏಳನೆಯ ಮಹಡಿಯಲ್ಲಿ ವಯಸ್ಸಾದ ತಂದೆತಾಯಿಯರನ್ನು ಇಟ್ಟುಕೊಂಡವರು ಇದನ್ನು ಮುಂದಿನ ದೀಪಾವಳಿಗೆ ಮುಂದೂಡುವುದು ಬೇಡ.

ಕೆಲಸ ಮುಗಿಸಿ ಸೀಲಿಂಗ್ ಮುಚ್ಚುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಟ್ರಾನ್ಸ್‌ಫಾರ್ಮರಿನ ಬೆನ್ನಿನ ಚೀಟಿಯ ಫೋಟೋ ತೆಗೆದು, ಯಾವುದು ಎಲ್ಲಿದೆ ಎಂದು ಬರೆದು, ಮನೆಯ ಕಾಗದಪತ್ರಗಳ ಜೊತೆ ಇಡಿ. ಮುಂದೆ ಆ ಮನೆಯಲ್ಲಿ ಯಾರೇ ಇರಲಿ, ಗೋಡೆಯ ಮೇಲಿನ ಗುಂಡಿಯನ್ನು ಹೆದರದೆ ತಿರುಗಿಸಲಿ.